ಗೋವಿನಜೋಳದ ಸಗಟು ಸಂಗ್ರಹಣೆ: ಹಗೇವಿನಿಂದ ಉಕ್ಕಿನ ಸೈಲೊವರೆಗೆ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಮುಂಗಾರಿನ ಗೋವಿನಜೋಳ (ಮೆಕ್ಕೆಜೋಳ) ಬಹುತೇಕ ಒಂದೇ ಕಾಲಕ್ಕೆ ರಾಶಿಯಾಗುತ್ತದೆ. ಎಲ್ಲರ ಕಾಳೂ ಒಮ್ಮೆಲೇ ಮಾರುಕಟ್ಟೆಗೆ ಹೋದಾಗ ಧಾರಣೆ ಕುಸಿಯುವುದು ಸಹಜ. ಕೆಲವು ತಿಂಗಳು ಕಾಯ್ದಿಡಬಲ್ಲ ರೈತನಿಗೆ ಮಾರಾಟದ ಸಮಯವನ್ನು ಆರಿಸಿಕೊಳ್ಳುವ ಅವಕಾಶವಿರುತ್ತದೆ. ಆದರೆ ತೇವವಿರುವ ಕಾಳನ್ನು ಕೂಡಿಟ್ಟರೆ ಲಾಭದ ಬದಲು ಬೂಷ್ಟು ಕೈಗೆ ಬರುತ್ತದೆ.

ಸೈಲೊ ಎಂದರೇನು?

ಕಾಳನ್ನು ಚೀಲಗಳಿಗೆ ತುಂಬದೆ ಸಡಿಲವಾಗಿಯೇ ಕೂಡಿಡುವ ಎತ್ತರದ, ಮುಚ್ಚಿದ ಕಣಜವೇ ಸೈಲೊ. ಮೇಲಿನಿಂದ ತುಂಬಿ ಕೆಳಗಿನಿಂದ ಹೊರತೆಗೆಯುವುದು ಇದರ ಕ್ರಮ. ಬಕೆಟ್ ಎಲಿವೇಟರ್ ಕಾಳನ್ನು ಮೇಲಕ್ಕೆ ಒಯ್ಯುತ್ತದೆ. ತಳದಲ್ಲಿ ಅಳವಡಿಸಿದ ಫ್ಯಾನ್ ರಾಶಿಯೊಳಗೆ ಗಾಳಿ ಹಾಯಿಸಿ ಉಷ್ಣತೆಯನ್ನು ತಗ್ಗಿಸುತ್ತದೆ. ರಾಶಿಯೊಳಗೆ ಇಳಿಬಿಟ್ಟ ತಂತಿಗಳು ಬೇರೆ ಬೇರೆ ಆಳದ ಉಷ್ಣತೆಯನ್ನು ತೋರಿಸುತ್ತವೆ. ಪಂಜಾಬಿನ ಮೋಗಾ ಮತ್ತು ಹರಿಯಾಣದ ಕೈತಲ್‌ಗಳಲ್ಲಿ ಗೋಧಿಯನ್ನು ಇಂತಹ ಬೃಹತ್ ಸೈಲೊಗಳಲ್ಲಿ ಸಂಗ್ರಹಿಸಲಾಗುತ್ತಿದೆ.

ಆಲಿಕೆಯಾಕಾರದ ತಳವಿದ್ದರೆ ಕಾಳು ತಾನಾಗಿ ಜಾರಿ ಬರುತ್ತದೆ. ಒಣ ಕಾಳಿಗೆ ಸುಮಾರು 45 ಡಿಗ್ರಿ ಇಳಿಜಾರು ರೂಢಿಯಲ್ಲಿದೆ. ಕಾಳಿನ ಭಾರದ ಒಂದು ಪಾಲನ್ನು ಗೋಡೆಯೇ ಹೊರುತ್ತದೆ. ಆದ್ದರಿಂದ ಕಾಳನ್ನು ನಡುವಿನ ದ್ವಾರದಿಂದಲೇ ಮೊದಲು ತೆಗೆಯಬೇಕು. ಒಂದೇ ಬದಿಯಿಂದ ತೆಗೆದರೆ ಭಾರ ಅಸಮವಾಗಿ ಗೋಡೆ ಬಾಗಬಹುದು.

ಸಾಮರ್ಥ್ಯದ ಲೆಕ್ಕ

ಒಂದು ಘನ ಮೀಟರ್ ಜಾಗದಲ್ಲಿ ಒಣ ಗೋವಿನಜೋಳ ಸುಮಾರು 720 ಕಿಲೋ ಹಿಡಿಯುತ್ತದೆ. ಹತ್ತು ಕ್ವಿಂಟಲ್‌ಗೆ ಸುಮಾರು 1.4 ಘನ ಮೀಟರ್ ಜಾಗ ಸಾಕು. 3 ಮೀಟರ್ ವ್ಯಾಸ ಮತ್ತು 4 ಮೀಟರ್ ಎತ್ತರದ ಸೈಲೊದಲ್ಲಿ ಸುಮಾರು 200 ಕ್ವಿಂಟಲ್ ತುಂಬಬಹುದು. ಇಷ್ಟು ಸಾಮರ್ಥ್ಯ ಒಂದು ಸಣ್ಣ ಹಿಡುವಳಿಗೆ ಅಧಿಕ. ರೈತ ಉತ್ಪಾದಕರ ಸಂಸ್ಥೆ ಅಥವಾ ಸಹಕಾರ ಸಂಘಕ್ಕೆ ಸೂಕ್ತ. ಮನೆಮಟ್ಟದಲ್ಲಿ 5ರಿಂದ 10 ಕ್ವಿಂಟಲ್‌ನ ತಗಡಿನ ಕಣಜ ಸಾಕಾಗುತ್ತದೆ.

ಒಣಗಿಸುವಿಕೆಯೇ ಮೊದಲ ಹೆಜ್ಜೆ

ಕಟಾವಿನ ವೇಳೆ ಕಾಳಿನಲ್ಲಿ ಶೇ. 20ಕ್ಕಿಂತ ಹೆಚ್ಚು ತೇವಾಂಶವಿರುವುದು ಸಾಮಾನ್ಯ. ದೀರ್ಘಕಾಲದ ಸಂಗ್ರಹಣೆಗೆ ಇದನ್ನು ಶೇ. 12ಕ್ಕೆ ಇಳಿಸಬೇಕು. ಶೇ. 20 ತೇವಾಂಶದ 100 ಕ್ವಿಂಟಲ್ ಕಾಳು ಶೇ. 12ಕ್ಕೆ ಒಣಗಿದಾಗ ಸುಮಾರು 91 ಕ್ವಿಂಟಲ್ ತೂಗುತ್ತದೆ. ಕಡಿಮೆಯಾದ 9 ಕ್ವಿಂಟಲ್ ನೀರೇ ಹೊರತು ಕಾಳಲ್ಲ. ಕಾಯ್ದಿಟ್ಟು ಮಾರುವವರು ಈ ತೂಕದ ಇಳಿಕೆ, ಒಣಗಿಸುವ ಖರ್ಚು ಮತ್ತು ಸಾಲದ ಬಡ್ಡಿಯನ್ನು ಮೊದಲೇ ಲೆಕ್ಕ ಹಾಕಬೇಕು.

1. ತೆನೆಗಳನ್ನು ಒಣಗಿಸಿದ ನಂತರವೇ ಕಾಳು ಬಿಡಿಸಿರಿ. ಒಡೆದ ಕಾಳಿಗೆ ಹುಳು ಮತ್ತು ಶಿಲೀಂಧ್ರ ಬೇಗ ತಗಲುತ್ತವೆ.
2. ಸಿಮೆಂಟ್ ಕಣ ಅಥವಾ ತಾಡಪತ್ರಿಯ ಮೇಲೆ ತೆಳುವಾಗಿ ಹರಡಿ ಆಗಾಗ ತಿರುವಿರಿ. ಹೆದ್ದಾರಿಯ ಮೇಲೆ ಒಣಗಿಸಬಾರದು, ಅಪಘಾತದ ಅಪಾಯವಿದೆ.
3. ತೇವಾಂಶ ಮಾಪಕವಿಲ್ಲದಿದ್ದರೆ ಒಣ ಗಾಜಿನ ಬಾಟಲಿಗೆ ಸ್ವಲ್ಪ ಕಾಳು ಮತ್ತು ಒಣ ಉಪ್ಪು ಹಾಕಿ ಕುಲುಕಿರಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದಿದ್ದರೂ ಶೇ. 12 ತಲುಪಿದೆ ಎಂದು ಭಾವಿಸದೆ ಒಣಗಿಸುವುದನ್ನು ಮುಂದುವರಿಸಿರಿ.
4. ಬಿಸಿ ಕಾಳನ್ನು ನೆರಳಿನಲ್ಲಿ ಆರಿಸಿದ ಬಳಿಕವೇ ಕಣಜಕ್ಕೆ ತುಂಬಿರಿ.

ತೇವವಿರುವ ಕಾಳಿನಲ್ಲಿ ಆಸ್ಪರ್ಜಿಲ್ಲಸ್ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪತ್ತಿಯಾಗುತ್ತದೆ. ಇದು ಬೇಯಿಸಿದರೂ ಪೂರ್ಣ ನಾಶವಾಗದು. ಬೂಷ್ಟು ಹಿಡಿದ ಕಾಳನ್ನು ದನಕರು, ಕೋಳಿಗಳಿಗೂ ಹಾಕಬಾರದು.

ತಗಡಿನ ಕಣಜದಲ್ಲಿ ಇನ್ನೊಂದು ತೊಂದರೆಯುಂಟು. ರಾತ್ರಿ ಮೇಲ್ಭಾಗ ತಣ್ಣಗಾದಾಗ ರಾಶಿಯ ಬಿಸಿಗಾಳಿ ಮೇಲೇರಿ ಮುಚ್ಚಳದ ಒಳಬದಿಯಲ್ಲಿ ನೀರಾಗಿ ಹನಿಯುತ್ತದೆ, ಮೇಲ್ಪದರ ಕೊಳೆಯುತ್ತದೆ. ಆದ್ದರಿಂದ ಕಣಜವನ್ನು ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿಡಿ. ಹದಿನೈದು ದಿನಗಳಿಗೊಮ್ಮೆ ಕಬ್ಬಿಣದ ಸರಳನ್ನು ರಾಶಿಯೊಳಗೆ ಇಳಿಸಿ, ಸ್ವಲ್ಪ ಹೊತ್ತಿನ ಬಳಿಕ ಹೊರತೆಗೆದು ಮುಟ್ಟಿ ನೋಡಿರಿ. ಬಿಸಿಯಾಗಿದ್ದರೆ ಕಾಳನ್ನು ಹೊರತೆಗೆದು ಮತ್ತೆ ಒಣಗಿಸಬೇಕು.

ಹಗೇವು: ಗುಣ ಮತ್ತು ಮಿತಿ

ನೆಲದಡಿಯ ಹಗೇವು ನಮ್ಮ ಹಿರಿಯರ ಸೈಲೊ. ಎತ್ತರದ ಗಟ್ಟಿ ನೆಲದಲ್ಲಿ ತೋಡಿ, ಸುತ್ತ ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಮತ್ತು ಹುಳುಗಳು ಉಸಿರಾಡುತ್ತ ಆಮ್ಲಜನಕ ತಗ್ಗಿ, ಹುಳುಗಳು ಔಷಧಿಯಿಲ್ಲದೆಯೇ ಸಾಯುತ್ತಿದ್ದವು. ಆದರೆ ಮಲೆನಾಡಿನ ಸೆರಗಿನ ಹಾನಗಲ್ಲ ಭಾಗದಂತೆ ಮಳೆ ಹೆಚ್ಚಿರುವಲ್ಲಿ ಮತ್ತು ಅಂತರ್ಜಲ ಮೇಲಿರುವಲ್ಲಿ ನೆಲದ ಪಸೆ ಕಾಳಿಗೆ ತಗಲುತ್ತದೆ. ಬಿತ್ತನೆ ಬೀಜವನ್ನು ಹಗೇವಿನಲ್ಲಿ ಇಡಬಾರದು.

ಪ್ರಾಣರಕ್ಷಣೆಯ ಎಚ್ಚರಿಕೆಗಳು

• ಹುಳುವನ್ನು ಕೊಲ್ಲುವ ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಬಾಯಿ ತೆರೆದ ಕೂಡಲೇ ಹಗೇವಿಗೆ ಇಳಿಯಬಾರದು. ಬ್ಲೋವರ್‌ನಿಂದ ಬಹಳ ಹೊತ್ತು ಹೊಸ ಗಾಳಿ ಹಾಯಿಸಬೇಕು. ಇಳಿಬಿಟ್ಟ ದೀಪ ಆರಲಿಲ್ಲವೆಂಬುದು ಸುರಕ್ಷತೆಯ ಖಾತ್ರಿಯಲ್ಲ.
• ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿರಬೇಕು. ಎಳೆಯಲು ಮೇಲೆ ಕನಿಷ್ಠ ಇಬ್ಬರಿರಬೇಕು. ಒಳಗೆ ಬಿದ್ದವರನ್ನು ಎತ್ತಲು ಮತ್ತೊಬ್ಬರು ಹಾಗೆಯೇ ಇಳಿದರೆ ಇಬ್ಬರ ಜೀವವೂ ಹೋಗಬಹುದು. ಹಗ್ಗದಿಂದ ಎಳೆಯಿರಿ, 112ಕ್ಕೆ ಕರೆ ಮಾಡಿರಿ.
• ಸೈಲೊದಿಂದ ಕಾಳು ಇಳಿಯುತ್ತಿರುವಾಗ ಒಳಗೆ ಕಾಲಿಡಬಾರದು. ಹರಿಯುವ ಕಾಳು ಕ್ಷಣಗಳಲ್ಲಿ ಮನುಷ್ಯನನ್ನು ಒಳಗೆಳೆದುಕೊಳ್ಳುತ್ತದೆ. ಗಡ್ಡೆಕಟ್ಟಿದ ಕಾಳನ್ನು ಹೊರಗಿನಿಂದ ಉದ್ದನೆಯ ಕೋಲಿನಿಂದ ಬಿಡಿಸಿರಿ.
• ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳು ಮಾರಕ ಫಾಸ್ಫೀನ್ ಅನಿಲ ಬಿಡುತ್ತವೆ. ಅಧಿಕೃತ ತಜ್ಞರ ಮೂಲಕವೇ ಬಳಸಬೇಕು. ಜನ ಮಲಗುವ ಮನೆಯಲ್ಲಿ ಎಂದಿಗೂ ಬಳಸಬಾರದು.

ಸ್ವಂತ ಕಣಜವಿಲ್ಲದವರು ನೋಂದಾಯಿತ ಉಗ್ರಾಣದಲ್ಲಿ ಕಾಳಿಟ್ಟು, ಅದರ ರಸೀದಿಯ ಆಧಾರದ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆಯುವ ಅವಕಾಶವನ್ನು ವಿಚಾರಿಸಬಹುದು. ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.