ತಿಮಿಂಗಿಲದ ಬೆರಳು

ನಾನು ಹತ್ತನೆಯ ತರಗತಿಯಲ್ಲಿದ್ದದ್ದು 1984ರಲ್ಲಿ. ವಿಜ್ಞಾನದ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ 'ಜೀವವಿಕಾಸಕ್ಕೆ ಆಧಾರಗಳು' ಎಂದು ಬರೆದು, ಕೆಳಗೆ ನಾಲ್ಕು ಚಿತ್ರ ಬಿಡಿಸಿದರು. ಮನುಷ್ಯನ ಕೈ, ಕುದುರೆಯ ಮುಂಗಾಲು, ಬಾವಲಿಯ ರೆಕ್ಕೆ, ತಿಮಿಂಗಿಲ ಈಜಲು ಬಳಸುವ ಹುಟ್ಟಿನಂಥ ಅಂಗ. ನಾಲ್ಕರಲ್ಲೂ ಮೂಳೆಗಳ ಜೋಡಣೆ ಹೆಚ್ಚುಕಡಿಮೆ ಒಂದೇ.

"ನೀರಲ್ಲೇ ಹುಟ್ಟಿ ನೀರಲ್ಲೇ ಸಾಯೋ ತಿಮಿಂಗಿಲಕ್ಕೆ ಬೆರಳು ಯಾಕೆ ಸಾರ್?" ಎಂದೆ.

"ಅದರ ಪೂರ್ವಿಕರು ನೆಲದ ಮೇಲೆ ಓಡಾಡ್ತಿದ್ರಮ್ಮ."

"ಯಾರು ನೋಡಿದ್ರು ಸಾರ್?"

ತರಗತಿಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕು, "ಚಿತ್ರ ಬರೆದು ಭಾಗ ಗುರುತಿಸು, ನಾಲ್ಕು ಅಂಕ ಎಲ್ಲೂ ಹೋಗಲ್ಲ" ಎಂದರು. ಸಂಜೆ ಅಜ್ಜಿಗೆ ಹೇಳಿದರೆ, "ಮತ್ಸ್ಯ, ಕೂರ್ಮ, ವರಾಹ, ಇದೆಲ್ಲ ನಮ್ಮಲ್ಲೇ ಇದೆಯಲ್ಲೇ" ಎಂದಳು. ಮೇಷ್ಟ್ರ ಮಾತನ್ನೂ ನಂಬಿದೆ, ಅಜ್ಜಿಯ ಮಾತನ್ನೂ ನಂಬಿದೆ. ನಾಲ್ಕು ಅಂಕವೂ ಬಂತು.

ಮುಂದೆ ಬಿ.ಎ. ಓದಿ ಇತಿಹಾಸದ ಟೀಚರಾದೆ. ಪುಲಕೇಶಿ ಹರ್ಷನನ್ನು ತಡೆದನೆಂದು ಪಾಠ ಮಾಡಿದರೆ ಮಕ್ಕಳು ಅದೇ ಪ್ರಶ್ನೆ ಎಸೆಯುತ್ತಾರೆ: "ಯಾರು ನೋಡಿದ್ರು ಮಿಸ್?" ನಾನು 634ರ ಐಹೊಳೆ ಶಾಸನ ತೋರಿಸುತ್ತೇನೆ. ಅದು ಗೆದ್ದವನ ಆಸ್ಥಾನಕವಿಯ ಮಾತು, ಅದೊಂದೇ ಸಾಲದು. ಆದರೆ ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನೂ ಅದನ್ನೇ ಬರೆದಿದ್ದಾನೆ. ಒಬ್ಬರನ್ನೊಬ್ಬರು ಕೇಳಿ ಬರೆಯದ ಇಬ್ಬರು ಒಂದೇ ಮಾತು ಹೇಳಿದರೆ ನಂಬಬಹುದು. ಇದನ್ನು ಮಕ್ಕಳಿಗೆ ಹೇಳುವಾಗಲೇ ನನ್ನ ಹಳೆಯ ಪ್ರಶ್ನೆ ನೆನಪಾದದ್ದು.

ತಿಮಿಂಗಿಲದ ವಿಷಯದಲ್ಲಿ ನಗೆಪಾಟಲಾದವಳು ನಾನೊಬ್ಬಳೇ ಅಲ್ಲ. ಬಾಯ್ತೆರೆದು ಈಜುತ್ತ ಹುಳು ಹಿಡಿಯುವ ಕರಡಿ ಕಾಲಾಂತರದಲ್ಲಿ ತಿಮಿಂಗಿಲದಂಥ ಪ್ರಾಣಿಯಾಗಬಹುದೆಂದು ಡಾರ್ವಿನ್ ತಮ್ಮ 1859ರ ಗ್ರಂಥದಲ್ಲಿ ಊಹಿಸಿದ್ದರು. ಜನ ನಕ್ಕರು. ಮುಂದಿನ ಆವೃತ್ತಿಯಲ್ಲಿ ಅವರು ಆ ಮಾತನ್ನು ಮೊಟಕು ಮಾಡಿದರು. ಕರಡಿಯ ಊಹೆ ತಪ್ಪೇ. ಆದರೆ ನೆಲದಿಂದ ನೀರಿಗೆ ಎಂಬುದು ತಪ್ಪಾಗಲಿಲ್ಲ.

ನಮ್ಮ ಭೂವಿಜ್ಞಾನಿ ಎ. ರಂಗರಾವ್ ಜಮ್ಮು ಸೀಮೆಯ ಕಾಲಾಕೋಟ್ ಬಳಿ ಕಲ್ಲುಗಳನ್ನು ಕಲೆಹಾಕಿದ್ದರು. ಅವುಗಳಲ್ಲಿ ಸಿಕ್ಕ ಗೊರಸಿನ ಜಾತಿಯ ಪುಟ್ಟ ಪ್ರಾಣಿಯೊಂದನ್ನು 1971ರಲ್ಲಿ ವಿವರಿಸಿ, ಇಂಡೋಹಯಸ್ ಎಂದು ಹೆಸರಿಟ್ಟರು. ಅವರು ತೀರಿಕೊಂಡ ಮೇಲೆ ಒಡೆಯದೆ ಉಳಿದಿದ್ದ ಕಲ್ಲುಗಳನ್ನು ಅವರ ಪತ್ನಿ ಅಮೆರಿಕದಲ್ಲಿದ್ದ ಸಂಶೋಧಕ ಹ್ಯಾನ್ಸ್ ಥೆವಿಸೆನ್ ಅವರಿಗೆ ಕೊಟ್ಟರು. ಸ್ವಚ್ಛ ಮಾಡುವಾಗ ಒಂದು ತಲೆಬುರುಡೆ ಕೈತಪ್ಪಿ ಒಡೆಯಿತು. ಒಳಗೆ ಕಿವಿಯ ಮೂಳೆಯ ಒಂದು ಗೋಡೆ ದಪ್ಪಗಿತ್ತು. ಅಂಥ ಕಿವಿ ಅದುವರೆಗೆ ತಿಮಿಂಗಿಲದ ಕುಲದಲ್ಲಿ ಮಾತ್ರ ಕಂಡಿತ್ತು! 2007ರಲ್ಲಿ ಅದು ಪ್ರಕಟವಾಯಿತು. ಸುಮಾರು 4.8 ಕೋಟಿ ವರ್ಷ ಹಿಂದಿನ, ನಾಲ್ಕು ಕಾಲಿನ, ನೀರಿಗಿಳಿಯುತ್ತಿದ್ದ ಪ್ರಾಣಿ ಅದು. ಇದಕ್ಕೆ ಮೊದಲೇ ಡಿಎನ್ಎ ಹೋಲಿಕೆಯೂ ತಿಮಿಂಗಿಲವನ್ನು ಗೊರಸಿನ ಪ್ರಾಣಿಗಳ ಬಳಗಕ್ಕೆ, ನೀರಾನೆಯ ಪಕ್ಕಕ್ಕೆ ಸೇರಿಸಿತ್ತು. ಕಲ್ಲು ಒಂದು ಸಾಕ್ಷಿ, ರಕ್ತ ಇನ್ನೊಂದು. ಐಹೊಳೆಯ ಲೆಕ್ಕವೇ.

1984ರಲ್ಲಿ ನಾನು ಪ್ರಶ್ನೆ ಕೇಳಿದ ದಿನ ಉತ್ತರ ಕಲ್ಲಿನೊಳಗೆ ಕೂತಿತ್ತು. ಮೇಷ್ಟ್ರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ.

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗ ಹೋಯಿತು. ಮಕ್ಕಳ ಹೊರೆ ಇಳಿಸಲೆಂದು ಕಾರಣ ಕೊಟ್ಟರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬೇಡವೆಂದು ಪತ್ರಕ್ಕೆ ಸಹಿ ಹಾಕಿದರು. ಹತ್ತರ ನಂತರ ಜೀವಶಾಸ್ತ್ರ ತೆಗೆದುಕೊಳ್ಳದ ನನ್ನಂಥವರಿಗೆ ಆ ನಾಲ್ಕು ಚಿತ್ರ ಕಾಣುವುದು ಅದೊಂದೇ ಸಲ.

ಇತಿಹಾಸದ ಮೊದಲ ಪಾಠ 'ಆಧಾರಗಳು'. ಶಾಸನ, ನಾಣ್ಯಗಳ ಪಕ್ಕದಲ್ಲಿ ಈಗ ನಾನು ತಿಮಿಂಗಿಲದ ಬೆರಳನ್ನೂ ಬಿಡಿಸುತ್ತೇನೆ. ಯಾರು ನೋಡಿದ್ರು ಎಂದು ಯಾವ ಮಗುವಾದರೂ ಕೇಳುತ್ತದೆ. ಆಗ ತರಗತಿಗೆ ನಗಲು ಬಿಡುವುದಿಲ್ಲ.