1937ರ ರೋವರ್ಸ್ ಕಪ್ ಮತ್ತು ಬೆಂಗಳೂರು ಮುಸ್ಲಿಮ್ಸ್

ಸಂಜೆ ಹೊತ್ತು ನಮ್ಮ ಹಿಟ್ನಾಳದ ಬಯಲಿನಲ್ಲಿ ಚೆಂಡು ಒದೆಯುವ ಹುಡುಗರ ಬೆನ್ನ ಮೇಲೆ ಮೆಸ್ಸಿಯ ಹೆಸರಿರುತ್ತದೆ. ಆ ಮೆಸ್ಸಿ 2023ರಲ್ಲಿ ಅಮೆರಿಕದ ಲೀಗಿಗೆ ಹೋಗಿ ಇಂಟರ್ ಮಿಯಾಮಿ ಎಂಬ ತಂಡ ಸೇರಿದ ಸುದ್ದಿ ನಮ್ಮ ಹುಡುಗರಿಗೆ ಗೊತ್ತು. ಯಾವ ಸೀಸನ್ನಿನಲ್ಲಿ ಎಷ್ಟು ಗೋಲು ಎಂಬುದೂ ಬಾಯಿಪಾಠ. ಇದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮದೇ ರಾಜ್ಯದ ರಾಜಧಾನಿಯಲ್ಲಿ, ನಮ್ಮದೇ ಸಮಾಜದ ಹೆಸರಿನ ಒಂದು ತಂಡ, ಇಡೀ ಹಿಂದುಸ್ತಾನದಲ್ಲಿ ಅಲ್ಲಿಯವರೆಗೆ ಯಾವ ದೇಶೀಯ ತಂಡವೂ ಮಾಡದಿದ್ದ ಕೆಲಸವನ್ನು 1937ರಲ್ಲಿ ಮಾಡಿತ್ತು ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು? ಹುಡುಗರನ್ನು ದೂರುವುದೇಕೆ, ಕಲಿಸುವ ನಮಗೇ ಗೊತ್ತಿರಲಿಲ್ಲ. ಆ ತಂಡದ ಹೆಸರು ಬೆಂಗಳೂರು ಮುಸ್ಲಿಮ್ಸ್. ಅದು ಗೆದ್ದದ್ದು ಮುಂಬಯಿಯ ರೋವರ್ಸ್ ಕಪ್.

ಮೊದಲು ಕಪ್ಪಿನ ವಿಷಯ. ಬ್ರಿಟಿಷರ ಕಾಲದಲ್ಲಿ ಹಿಂದುಸ್ತಾನದ ಫುಟ್ಬಾಲಿನಲ್ಲಿ ಮೂರು ದೊಡ್ಡ ಟ್ರೋಫಿಗಳಿದ್ದವು. ಸಿಮ್ಲಾದಲ್ಲಿ 1888ರಲ್ಲಿ ಆರಂಭವಾದ ಡ್ಯುರಾಂಡ್ ಕಪ್, ಮುಂಬಯಿಯಲ್ಲಿ 1891ರಿಂದ ನಡೆದ ರೋವರ್ಸ್ ಕಪ್, ಕಲ್ಕತ್ತೆಯಲ್ಲಿ 1893ರಲ್ಲಿ ಶುರುವಾದ ಐ.ಎಫ್.ಎ. ಶೀಲ್ಡ್. ಇವುಗಳ ಜೊತೆಗೆ ಕಲ್ಕತ್ತಾ ಲೀಗ್. ಇವೆಲ್ಲ ಗೋರಾ ಸಿಪಾಯಿಗಳ ಆಟವೆಂದೇ ಹುಟ್ಟಿದವು. ರೋವರ್ಸ್ ಕಪ್ಪಿನ ಮೊದಲ ವಿಜೇತರು ವೂಸ್ಟರ್‌ಶೈರ್ ರೆಜಿಮೆಂಟಿನವರು. ಆ ನಂತರವೂ ವರ್ಷ ವರ್ಷ ಯಾವುದಾದರೊಂದು ಬ್ರಿಟಿಷ್ ಪಲ್ಟಣಿನ ಹೆಸರೇ ಅದರ ಮೇಲೆ ಕೆತ್ತಲ್ಪಡುತ್ತಿತ್ತು. 1923ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ಫೈನಲ್ ತನಕ ಬಂದು ಡರ್‌ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತು ಬರಿಗೈಯಲ್ಲಿ ಮರಳಿತು.

ಈ ಕೋಟೆಗಳು ಒಂದೊಂದಾಗಿ ಹೇಗೆ ಬಿದ್ದವು ಎಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಶೀಲ್ಡನ್ನು ಮೊದಲು ಗೆದ್ದ ಭಾರತೀಯ ತಂಡ ಮೋಹನ್ ಬಗಾನ್, 1911ರಲ್ಲಿ. ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿದ ಆ ಹನ್ನೊಂದು ಜನರಲ್ಲಿ ಒಬ್ಬರ ಕಾಲಿಗೆ ಮಾತ್ರ ಬೂಟುಗಳಿದ್ದವು. ಕಲ್ಕತ್ತಾ ಲೀಗನ್ನು ಮೊದಲು ಗೆದ್ದ ಭಾರತೀಯ ತಂಡ ಮೊಹಮಡನ್ ಸ್ಪೋರ್ಟಿಂಗ್, 1934ರಲ್ಲಿ. ರೋವರ್ಸ್ ಕಪ್ಪನ್ನು ಮೊದಲು ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಡ್ಯುರಾಂಡನ್ನು ಮತ್ತೆ ಮೊಹಮಡನ್ ಸ್ಪೋರ್ಟಿಂಗ್, 1940ರಲ್ಲಿ. ನಾಲ್ಕರಲ್ಲಿ ಮೂರು ಮೊದಲ ಗೆಲುವುಗಳು ಮುಸ್ಲಿಂ ಕ್ಲಬ್ಬುಗಳವು. ನಾಲ್ಕರಲ್ಲಿ ಒಂದು ಕನ್ನಡ ನಾಡಿನದು. ಉಳಿದ ಮೂರು ಕಲ್ಕತ್ತೆಯ ತಂಡಗಳ ಪಾಲಾದುದರಿಂದ ಅವುಗಳ ಕಥೆಯನ್ನು ಹೇಳುವವರು ಬಹಳ. ನಮ್ಮದನ್ನು ಹೇಳುವವರು ಕಡಿಮೆ. 1911ರ ಆಟಗಾರರನ್ನು ಬಂಗಾಳದವರು ‘ಅಮರ ಹನ್ನೊಂದು’ ಎಂದು ಕರೆಯುತ್ತಾರೆ. ಪ್ರತಿ ಜುಲೈ 29ನ್ನು ಮೋಹನ್ ಬಗಾನ್ ದಿನವೆಂದು ಆಚರಿಸುತ್ತಾರೆ. ಬೆಂಗಳೂರಿನ ಹನ್ನೊಂದು ಜನಕ್ಕೆ ಅಂಥ ಬಿರುದೂ ಇಲ್ಲ, ಅಂಥ ದಿನವೂ ಇಲ್ಲ.

ಬೆಂಗಳೂರಿನಲ್ಲಿಯೇ ಇಂಥ ತಂಡ ಏಕೆ ಹುಟ್ಟಿತು? ಇದಕ್ಕೆ ಉತ್ತರ ದಂಡಿನಲ್ಲಿದೆ. 1809ರಿಂದ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿತ್ತು. ಒಂದೇ ಊರಿನೊಳಗೆ ಎರಡು ಸರ್ಕಾರಗಳು. ಪೇಟೆಯ ಕಡೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿ. ದಂಡಿನ ಕಡೆ ಬ್ರಿಟಿಷ್ ರೆಸಿಡೆಂಟರ ಅಧಿಕಾರ. ದಂಡಿನ ಪ್ರದೇಶ ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ದಂಡಿದ್ದಲ್ಲಿ ಕವಾಯತು ಮೈದಾನ, ಕವಾಯತು ಮೈದಾನವಿದ್ದಲ್ಲಿ ಫುಟ್ಬಾಲ್. ಸಿಪಾಯಿಗಳ ಆಟವನ್ನು ಗೆರೆಯಾಚೆ ನಿಂತು ನೋಡಿದ ಸುತ್ತಲಿನ ಬಡ ಮೊಹಲ್ಲಾಗಳ ಹುಡುಗರು, ದಖನಿ ಮಾತಾಡುವವರು, ತಮಿಳು ಮಾತಾಡುವವರು, ಅದನ್ನು ಬರಿಗಾಲಲ್ಲಿ ಕಲಿತರು. ಕ್ರಿಕೆಟ್ಟಿಗೆ ಬ್ಯಾಟು ಬೇಕು, ಪ್ಯಾಡು ಬೇಕು. ಫುಟ್ಬಾಲಿಗೆ ಒಂದು ಚೆಂಡು ಸಾಕು. ಹಲಸೂರಿನ ಗೌತಮಪುರದಲ್ಲಿ ಇಂದಿಗೂ ಆ ಹುಚ್ಚು ಹೋಗಿಲ್ಲ, ಅಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ.

ಇನ್ನು 1937ರ ಮಾತಿಗೆ ಬರೋಣ. ದೇಶದಲ್ಲಿ ಅದು ಬಿಸಿಯ ವರ್ಷ. ಪ್ರಾಂತ್ಯಗಳಲ್ಲಿ ಚುನಾವಣೆ ನಡೆದು ಮುಂಬಯಿಯಲ್ಲಿ ಬಿ.ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಬಂದಿತ್ತು. ಅದೇ ಜೂನ್ ತಿಂಗಳಲ್ಲಿ ಸಿಮ್ಲಾದಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಹುಟ್ಟಿತು. ಅಂದರೆ ದೇಶಕ್ಕೆ ಒಂದು ಫುಟ್ಬಾಲ್ ಸಂಸ್ಥೆ ಸಿಕ್ಕ ವರ್ಷವೇ ಬೆಂಗಳೂರಿನ ತಂಡ ಮುಂಬಯಿಗೆ ಹೊರಟದ್ದು.

ಫೈನಲ್ಲಿನಲ್ಲಿ ಎದುರಿಗೆ ನಿಂತದ್ದು ಮೊಹಮಡನ್ ಸ್ಪೋರ್ಟಿಂಗ್. ಆ ಕಾಲದಲ್ಲಿ ಈ ಹೆಸರಿನ ತೂಕ ಎಷ್ಟೆಂಬುದನ್ನು ಹೇಳದೆ ಬೆಂಗಳೂರಿನ ಗೆಲುವಿನ ತೂಕ ತಿಳಿಯದು. 1934ರಿಂದ 1938ರವರೆಗೆ ಬಿಡದೆ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡವದು. 1936ರಲ್ಲಿ ಲೀಗ್ ಮತ್ತು ಶೀಲ್ಡ್ ಎರಡನ್ನೂ ಒಟ್ಟಿಗೆ ಗೆದ್ದಿತ್ತು. ಆ ಕ್ಲಬ್ಬಿನಲ್ಲಿ ಆಡಿದ್ದ ಮೊಹಮ್ಮದ್ ಸಲೀಂ ಎಂಬ ಆಟಗಾರ ಅದೇ 1936ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಸೆಲ್ಟಿಕ್ ಕ್ಲಬ್ಬಿನ ಪರವಾಗಿ ಬರಿಗಾಲಲ್ಲಿ ಆಡಿ ಅಲ್ಲಿನ ಜನರನ್ನು ಬೆರಗುಗೊಳಿಸಿದ್ದರು. ಇಂಥ ತಂಡವನ್ನು ಬೆಂಗಳೂರು ಮುಸ್ಲಿಮ್ಸ್ 1-0ರಿಂದ ಸೋಲಿಸಿತು. ಒಂದೇ ಗೋಲು.

ಇಲ್ಲಿ ಒಂದು ಸಣ್ಣ ತರ್ಕವಿದೆ, ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಅದು ರುಚಿಸಬಹುದು. ಎರಡು ಭಾರತೀಯ ತಂಡಗಳು ರೋವರ್ಸ್ ಫೈನಲ್ ಆಡಿದ್ದು ಇದೇ ಮೊದಲೇ ಎಂದು ಯಾರಾದರೂ ಕೇಳಿದರೆ ಹಳೆಯ ಪತ್ರಿಕೆಗಳನ್ನೆಲ್ಲ ತಿರುವಿ ಹಾಕಬೇಕಿಲ್ಲ. ಅದಕ್ಕೂ ಮುಂಚೆ ಅಂಥ ಫೈನಲ್ ನಡೆದಿದ್ದರೆ ಅವೆರಡರಲ್ಲಿ ಒಂದು ಗೆದ್ದಿರಲೇಬೇಕಿತ್ತು. ಯಾವುದೂ ಗೆದ್ದಿರಲಿಲ್ಲ. ಆದ್ದರಿಂದ ಇದೇ ಮೊದಲು.

ಆದರೆ ಇದೇ ಮಾತನ್ನು ಹಿಡಿದು ಕೊಂಕು ತೆಗೆಯುವವರೂ ಇರಬಹುದು. ಫೈನಲ್ಲಿನಲ್ಲಿ ಗೋರಾ ಪಲ್ಟಣೇ ಇರಲಿಲ್ಲವಲ್ಲ, ಹಾಗಾದರೆ ಅದೇನು ಮಹಾ ಗೆಲುವು ಎಂದು. ಅದಕ್ಕೆ ಮರುವರ್ಷವೇ ಉತ್ತರ ಸಿಕ್ಕಿತು. 1938ರ ಫೈನಲ್ಲಿನಲ್ಲಿ ಎದುರಾಳಿ ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್, ಅಪ್ಪಟ ಸ್ಕಾಟಿಷ್ ರೆಜಿಮೆಂಟ್. ಬೆಂಗಳೂರು 3-2ರಿಂದ ಗೆದ್ದು ಕಪ್ಪನ್ನು ಉಳಿಸಿಕೊಂಡಿತು. ನನ್ನ ದೃಷ್ಟಿಯಲ್ಲಿ 1937ರ ಗೆಲುವಿಗೆ ಮುದ್ರೆ ಬಿದ್ದದ್ದು 1938ರಲ್ಲಿ. 1940ರಲ್ಲಿ ಮತ್ತೆ ಫೈನಲ್ ತಲುಪಿದಾಗ ಮೊಹಮಡನ್ ಸ್ಪೋರ್ಟಿಂಗ್ 1-0ರಿಂದ ಹಳೆಯ ಸೇಡು ತೀರಿಸಿಕೊಂಡಿತು. ಅಂಕವೂ ಅದೇ, ತಂಡಗಳೂ ಅವೇ, ಫಲಿತಾಂಶ ಮಾತ್ರ ತಿರುವುಮುರುವು. ನಾಲ್ಕು ವರ್ಷಗಳಲ್ಲಿ ಮೂರು ಫೈನಲ್.

ಈಗ ‘ಮುಸ್ಲಿಮ್ಸ್’ ಎಂಬ ಹೆಸರಿನ ಬಗ್ಗೆ ಎರಡು ಮಾತು. ಇಂದಿನ ಹುಡುಗರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಆ ಕಾಲದಲ್ಲಿ ಹಾಗಲ್ಲ. ಮುಂಬಯಿಯ ಕ್ರಿಕೆಟ್ ಪಂದ್ಯಾವಳಿಯಲ್ಲಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯುರೋಪಿಯನ್ನರು ಬೇರೆ ಬೇರೆ ತಂಡಗಳಾಗಿಯೇ ಆಡುತ್ತಿದ್ದರು. 1937ರಲ್ಲಿ ಉಳಿದವರೆಲ್ಲ ಸೇರಿ ಐದನೆಯ ತಂಡವೂ ಆಯಿತು. ಜಾತಿ, ಮತದ ಹೆಸರಿನ ಜಿಮಖಾನಾಗಳು ದೊಡ್ಡ ಊರುಗಳಲ್ಲೆಲ್ಲ ಇದ್ದವು. ಇದು ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. 1940ರಲ್ಲಿ ಗಾಂಧೀಜಿಯವರು ಈ ಮತವಾರು ಕ್ರಿಕೆಟ್ಟನ್ನು ಒಪ್ಪದೆ ಬಹಿರಂಗವಾಗಿ ಹೇಳಿಕೆ ಕೊಟ್ಟರು. 1946ರ ಹೊತ್ತಿಗೆ ಅದು ನಿಂತೇಹೋಯಿತು. ಕಲ್ಕತ್ತೆಯಲ್ಲಿ ಮೊಹಮಡನ್ ಸ್ಪೋರ್ಟಿಂಗ್ ಗೆದ್ದಾಗ ಆ ಸಂತೋಷದಲ್ಲಿ ರಾಜಕೀಯವೂ ಬೆರೆತಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಗೋರಾ ರೆಜಿಮೆಂಟುಗಳು ನಲವತ್ತಾರು ವರ್ಷ ಬಿಟ್ಟುಕೊಡದ ಕಪ್ಪನ್ನು ಕಸಿದು ತಂದ ತಂಡವನ್ನು ಇತಿಹಾಸದ ಪುಸ್ತಕಗಳು ‘ಮೊದಲ ಭಾರತೀಯ ತಂಡ’ ಎಂದೇ ಬರೆದಿವೆ. ಹೆಸರಿನ ಮುಂದೆ ಬೆಂಗಳೂರು, ಹಿಂದೆ ಮುಸ್ಲಿಮ್ಸ್. ಎರಡರಲ್ಲಿ ಒಂದನ್ನು ಅಳಿಸಿದರೂ ಆ ಚರಿತ್ರೆ ಅರ್ಧವಾಗುತ್ತದೆ.

ಆದ್ದರಿಂದಲೇ ಮೂರನೆಯ ಗೆಲುವು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದು 1948. ದೇಶ ಎರಡಾಗಿತ್ತು. ಜನವರಿಯಲ್ಲಿ ಗಾಂಧೀಜಿಯವರ ಹತ್ಯೆಯಾಗಿತ್ತು. ಸೆಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ನಡೆದು ನಮ್ಮ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಿರಿಯರು ಆ ವರ್ಷದ ದಿನಗಳನ್ನು ಹೇಗೆ ಕಳೆದರೆಂಬುದು ಪ್ರತಿ ಮನೆಯಲ್ಲಿಯೂ ಒಂದೊಂದು ಬಗೆಯಾಗಿ ಕೇಳಿದ ಕಥೆ. ತನ್ನ ಹೆಸರು ಹೇಳಿಕೊಳ್ಳಲು ಮನುಷ್ಯ ಒಂದು ಕ್ಷಣ ಹಿಂದೆಮುಂದೆ ನೋಡುತ್ತಿದ್ದ ಆ ವರ್ಷದಲ್ಲಿ, ಬೆಂಗಳೂರು ಮುಸ್ಲಿಮ್ಸ್ ಹೆಸರು ಬದಲಿಸಿಕೊಳ್ಳದೆ ರೋವರ್ಸ್ ಕಪ್ಪಿಗೆ ಇಳಿಯಿತು. ಫೈನಲ್ಲಿನಲ್ಲಿ ಮೋಹನ್ ಬಗಾನನ್ನು 1-0ರಿಂದ ಸೋಲಿಸಿತು. ಸ್ವತಂತ್ರ ಭಾರತದಲ್ಲಿ ನಡೆದ ಮೊದಲ ರೋವರ್ಸ್ ಕಪ್ ಅದು, 1947ರಲ್ಲಿ ಪಂದ್ಯಾವಳಿಯೇ ನಡೆದಿರಲಿಲ್ಲ.

ಅದೇ 1948ರ ಜುಲೈನಲ್ಲಿ ಭಾರತ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಆಡಿತು. ಹೆಚ್ಚಿನವರು ಬರಿಗಾಲು. ಎರಡು ಪೆನಾಲ್ಟಿ ತಪ್ಪಿಸಿಕೊಂಡು 1-2ರಿಂದ ಸೋತರೂ, ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಜೊತೆಯಲ್ಲಿ ಬೆಂಗಳೂರಿನವರೇ ಆದ ಅಹಮದ್ ಖಾನ್ ಇದ್ದರು. ಒಂದೇ ದಂಡಿನ ಮೈದಾನಗಳಲ್ಲಿ ಬೆಳೆದ ರಾಮನ್, ಅಹಮದ್. ಇದಕ್ಕಿಂತ ಹೆಚ್ಚು ವಿವರಣೆ ಬೇಕೇ?

ಹಾಗಾದರೆ ಇಷ್ಟು ದೊಡ್ಡ ತಂಡ ಮುಂದೆ ಏಕೆ ಕಾಣದಾಯಿತು? ಕಾರಣ ಹೊಸದೇನಲ್ಲ, ದುಡ್ಡು. 1930ರ ದಶಕದಿಂದಲೇ ಕಲ್ಕತ್ತೆಯ ಕ್ಲಬ್ಬುಗಳು ಬೆಂಗಳೂರು, ಪೇಶಾವರ, ಕ್ವೆಟ್ಟಾಗಳಿಂದ ಆಟಗಾರರನ್ನು ಕರೆಸಿಕೊಳ್ಳುತ್ತಿದ್ದವು. ಹೆಸರಿಗೆ ಎಲ್ಲರೂ ಹವ್ಯಾಸಿಗಳು. ಒಳಗೆ ನೌಕರಿ, ವಸತಿ, ಕೈಖರ್ಚು. ಅಮೆರಿಕದಲ್ಲಿ ಈ ಮುಚ್ಚುಮರೆ ಇರಲಿಲ್ಲ. ಅಲ್ಲಿ 1921ರಲ್ಲಿಯೇ ಸಂಬಳದ ಫುಟ್ಬಾಲ್ ಲೀಗ್ ಹುಟ್ಟಿತ್ತು, ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ತಂಡ ಸ್ಕಾಟ್ಲೆಂಡಿನಿಂದ ಆಟಗಾರರನ್ನು ಕರೆತಂದು ಆಡಿಸುತ್ತಿತ್ತು. ಆರ್ಥಿಕ ಕುಸಿತದ ಹೊಡೆತಕ್ಕೆ ಆ ಲೀಗ್ 1933ರಲ್ಲಿ ಮುಚ್ಚಿತು. ನಮ್ಮಲ್ಲಿ ಹಣ ಮುಚ್ಚಿದ ಕೈಯಲ್ಲಿ ಹರಿಯಿತು, ಆದರೆ ಹರಿದ ದಿಕ್ಕು ಒಂದೇ, ಕಲ್ಕತ್ತೆ. ಧನರಾಜ್ ಹಾಗೂ ಅಹಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಆಪ್ಪಾರಾವ್, ಸಾಲೇಹ್, ವೆಂಕಟೇಶರ ಜೊತೆ ಸೇರಿ ಈ ಐವರು ‘ಪಂಚ ಪಾಂಡವರು’ ಎನಿಸಿಕೊಂಡರು. 1949ರಲ್ಲಿ ಈಸ್ಟ್ ಬೆಂಗಾಲ್ ರೋವರ್ಸ್ ಕಪ್ಪನ್ನೂ ಗೆದ್ದಿತು. ಆಟಗಾರರ ಹಿಂದೆಯೇ ಕಪ್ಪೂ ಹೋಯಿತು ಅನ್ನಬೇಕು.

ಅಲ್ಲಿಂದ ಅದು ಬಂದದ್ದು ಹೈದರಾಬಾದಿಗೆ. 1950ರಿಂದ 1954ರವರೆಗೆ ಬಿಡದೆ ಐದು ವರ್ಷ ಹೈದರಾಬಾದ್ ಸಿಟಿ ಪೊಲೀಸ್ ತಂಡ ರೋವರ್ಸ್ ಕಪ್ ಗೆದ್ದಿತು. ನಮ್ಮ ಹಿಟ್ನಾಳ ಆಗ ರಾಯಚೂರು ಜಿಲ್ಲೆಯಲ್ಲಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲಿ. 1956ರ ನವೆಂಬರ್ 1ರ ತನಕ ನಮ್ಮ ರಾಜಧಾನಿ ಅದೇ. ಹಾಗೆ ನೋಡಿದರೆ ಮೊದಲು ಬೆಂಗಳೂರಿನದಾಗಿದ್ದ ಕಪ್ಪೂ ನಮ್ಮದು, ಆಮೇಲೆ ಹೈದರಾಬಾದಿನದಾದ ಕಪ್ಪೂ ನಮ್ಮದೇ! ಆ ಪೊಲೀಸ್ ತಂಡವನ್ನು ತಿದ್ದಿದವರು ಸಯ್ಯದ್ ಅಬ್ದುಲ್ ರಹೀಂ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಶಾಲಾ ಶಿಕ್ಷಕರಾಗಿ ದುಡಿದು, ಆಮೇಲೆ ಕೋಚ್ ಆದವರು. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದುಕೊಟ್ಟರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನದವರೆಗೆ ಒಯ್ದರು. 1963ರಲ್ಲಿ ತೀರಿಕೊಂಡರು. ನಮ್ಮಂಥ ಸಂಸ್ಥೆಯ ಸಂಚಿಕೆಯಲ್ಲಿ ಒಬ್ಬ ಮೇಷ್ಟ್ರ ಹೆಸರನ್ನು ಇಷ್ಟಾದರೂ ನೆನೆಯದೆ ಮುಂದೆ ಹೋಗುವುದು ಸರಿಯಲ್ಲವೆಂದು ವಿಷಯ ಬಿಟ್ಟು ಇಷ್ಟು ಬರೆದೆ.

ರೋವರ್ಸ್ ಕಪ್ ಈಗ ಇಲ್ಲ. ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ದೇಶದಲ್ಲಿ ಸಂಬಳದ ಲೀಗುಗಳು ಬಂದವು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತನ್ನ ಮೊದಲ ಸೀಸನ್ನಿನಲ್ಲಿಯೇ ಐ-ಲೀಗ್ ಗೆದ್ದಿತು. ಆಗ ಎಷ್ಟೋ ಮಂದಿ ಬೆಂಗಳೂರಿಗೆ ಫುಟ್ಬಾಲ್ ಹೊಸದಾಗಿ ಬಂತು ಎಂಬಂತೆ ಮಾತಾಡಿದರು. 1937 ಯಾರಿಗೂ ನೆನಪಾಗಲಿಲ್ಲ.

ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಮೈಸೂರು ಕೊನೆಯದಾಗಿ ಗೆದ್ದದ್ದು 1968-69ರಲ್ಲಿ. ಆಮೇಲೆ ಐವತ್ತನಾಲ್ಕು ವರ್ಷ ಬರ. 2023ರಲ್ಲಿ ಆ ಟ್ರೋಫಿಯ ಫೈನಲ್ ನಮ್ಮ ಅನೇಕ ಮನೆಗಳ ಮಕ್ಕಳು ದುಡಿಯಲು ಹೋಗುವ ಸೌದಿ ಅರೇಬಿಯಾದಲ್ಲಿ, ರಿಯಾದಿನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ನಡೆಯಿತು. ಮಾರ್ಚ್ 4ರ ಆ ಸಂಜೆ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ ಟ್ರೋಫಿಯನ್ನು ಮನೆಗೆ ತಂದರು.