ಅಂಧರ ಮಾರ್ಗದರ್ಶಿ ಶ್ವಾನಗಳು ಮತ್ತು ದಾನದ ಘನತೆ

ದಾನ ಮಾಡುವುದು ಕಷ್ಟವಲ್ಲ. ಪಡೆಯುವವನ ತಲೆ ತಗ್ಗದಂತೆ ದಾನ ಮಾಡುವುದು ಕಷ್ಟ. ಅಂಧರಿಗೆ ಮಾರ್ಗದರ್ಶಿ ಶ್ವಾನಗಳನ್ನು ಒದಗಿಸಲು ಹಣ ಕೂಡಿಸಿದವರ ಇತಿಹಾಸ ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಮೊದಲನೆಯ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ದೃಷ್ಟಿ ಕಳೆದುಕೊಂಡರು. ಅವರಿಗೆ ನೆರವಾಗಲೆಂದು 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್ ನಗರದಲ್ಲಿ ವೈದ್ಯ ಗೆರ್ಹಾರ್ಡ್ ಸ್ಟಾಲಿಂಗ್ ಶ್ವಾನಗಳ ತರಬೇತಿ ಶಾಲೆಯೊಂದನ್ನು ತೆರೆದರು. ಮುಂದೆ ಪಾಟ್ಸ್‌ಡ್ಯಾಮ್‌ನಲ್ಲಿಯೂ ಅಂಥ ಶಾಲೆ ಸ್ಥಾಪಿತವಾಯಿತು. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿ ಶ್ವಾನಗಳನ್ನು ಸಾಕುತ್ತಿದ್ದ ಅಮೆರಿಕದ ಮಹಿಳೆ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಆ ಶಾಲೆಯನ್ನು ಕಂಡು, 1927ರ ನವೆಂಬರ್ 5ರ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಲೇಖನ ಬರೆದರು.

ಆ ಲೇಖನವನ್ನು ಓದಿಸಿ ಕೇಳಿದವರಲ್ಲಿ ನ್ಯಾಶ್‌ವಿಲ್‌ನ ಅಂಧ ಯುವಕ ಮಾರಿಸ್ ಫ್ರಾಂಕ್ ಒಬ್ಬರು. ಹೆಜ್ಜೆ ಹೆಜ್ಜೆಗೂ ಇನ್ನೊಬ್ಬರ ಕೈ ಹಿಡಿಯಬೇಕಾದ ಬಾಳು ಅವರಿಗೆ ಬೇಸರ ತಂದಿತ್ತು. ಅವರು ಯೂಸ್ಟಿಸ್‌ರಿಗೆ ಪತ್ರ ಬರೆದು, 1928ರಲ್ಲಿ ಸ್ವಿಟ್ಜರ್ಲೆಂಡಿಗೆ ತೆರಳಿ, 'ಬಡ್ಡಿ' ಎಂಬ ಹೆಣ್ಣು ಶ್ವಾನದೊಂದಿಗೆ ತರಬೇತಿ ಪಡೆದರು. ಅದೇ ವರ್ಷ ನ್ಯೂಯಾರ್ಕಿನ ವಾಹನನಿಬಿಡ ರಸ್ತೆಯೊಂದನ್ನು ಪತ್ರಕರ್ತರ ಎದುರಿನಲ್ಲಿಯೇ ಬಡ್ಡಿಯ ನೆರವಿನಿಂದ ದಾಟಿ ತೋರಿಸಿದರು. 1929ರ ಜನವರಿ 29ರಂದು ನ್ಯಾಶ್‌ವಿಲ್‌ನಲ್ಲಿ 'ದಿ ಸೀಯಿಂಗ್ ಐ' ಸಂಸ್ಥೆ ಉದಯಿಸಿತು.

ಶ್ವಾನವೊಂದನ್ನು ಸಿದ್ಧಗೊಳಿಸುವುದು ದುಬಾರಿಯಾದ ಕಾರ್ಯ. ಮರಿಯನ್ನು ಸಾಕಿ ಬೆಳೆಸಬೇಕು. ತಿಂಗಳುಗಟ್ಟಲೆ ತರಬೇತಿ ಕೊಡಬೇಕು. ಅನಂತರ ಅಂಧ ವ್ಯಕ್ತಿ ಮತ್ತು ಶ್ವಾನ ಕೆಲವು ವಾರ ಜೊತೆಯಾಗಿ ನಡೆದು ಒಬ್ಬರನ್ನೊಬ್ಬರು ಅರಿಯಬೇಕು. ಅಪಾಯ ಎದುರಾದಾಗ ಯಜಮಾನನ ಆಜ್ಞೆಯನ್ನೂ ಮೀರಿ ನಿಲ್ಲುವ ವಿವೇಕ ಆ ಮೂಕ ಪ್ರಾಣಿಗೆ ಬರಬೇಕು. ಈ ವೆಚ್ಚವನ್ನು ಭರಿಸುವುದು ಬಹುಪಾಲು ಅಂಧರಿಗೆ ಅಸಾಧ್ಯವಾಗಿತ್ತು. ಯೂಸ್ಟಿಸ್ ತಮ್ಮ ಸ್ವಂತ ಸಂಪತ್ತನ್ನು ನೀಡಿದರು. ಉದಾರಿಗಳ ಕೊಡುಗೆಯೂ ಹರಿದುಬಂತು.

ಹೀಗಿದ್ದೂ ಸಂಸ್ಥೆ ಶ್ವಾನವನ್ನು ಉಚಿತವಾಗಿ ಕೊಡಲಿಲ್ಲ. ಮೊದಲ ಶ್ವಾನಕ್ಕೆ 150 ಡಾಲರ್, ಮುಂದಿನ ಪ್ರತಿಯೊಂದಕ್ಕೂ 50 ಡಾಲರ್, ಮಾಜಿ ಸೈನಿಕರಿಗೆ 1 ಡಾಲರ್ ಎಂದು ಶುಲ್ಕ ಗೊತ್ತುಪಡಿಸಿತು. ದಶಕಗಳು ಕಳೆದರೂ ಅದನ್ನು ಏರಿಸಲಿಲ್ಲ. ನಿಜವಾದ ವೆಚ್ಚದ ಮುಂದೆ ಈ ಮೊತ್ತ ಅತ್ಯಲ್ಪ. ಆದರೆ ಅದನ್ನು ತೆತ್ತವನು ಭಿಕ್ಷೆ ಪಡೆದವನಲ್ಲ. ಆ ಶ್ವಾನವನ್ನು ತನ್ನ ದುಡಿಮೆಯಿಂದ ಗಳಿಸಿದವನು.

ಇಂಗ್ಲೆಂಡಿನಲ್ಲಿ 1931ರಲ್ಲಿ ವಾಲಸಿ ಪಟ್ಟಣದಲ್ಲಿ ಮ್ಯೂರಿಯಲ್ ಕ್ರೂಕ್ ಮತ್ತು ರೋಸಮಂಡ್ ಬಾಂಡ್ ಎಂಬ ಮಹಿಳೆಯರ ಶ್ರಮದಿಂದ ಮೊದಲ ನಾಲ್ಕು ಜೋಡಿಗಳು ಸಿದ್ಧವಾದವು. ಅಲ್ಲಿಯೂ ಮುಂದೆ 50 ಪೆನ್ಸ್‌ನ ನಾಮಮಾತ್ರ ಶುಲ್ಕದ ಪದ್ಧತಿ ಬಂದಿತು. 1964ರಲ್ಲಿ 'ಬ್ಲೂ ಪೀಟರ್' ಎಂಬ ದೂರದರ್ಶನ ಕಾರ್ಯಕ್ರಮದ ಕರೆಗೆ ಓಗೊಟ್ಟು ಮಕ್ಕಳು ಹಾಲಿನ ಬಾಟಲಿಗಳ ಮುಚ್ಚಳ ಹಾಗೂ ಬೆಳ್ಳಿಕಾಗದವನ್ನು ಕೂಡಿಹಾಕಿದರು. ಎಸೆಯಬೇಕಾಗಿದ್ದ ಆ ತಗಡಿನಿಂದ ಬಂದ ಹಣದಲ್ಲಿ 'ಹನಿ' ಎಂಬ ಮರಿ ಮಾರ್ಗದರ್ಶಿಯಾಗಿ ಬೆಳೆಯಿತು.

ಸಿರಿವಂತೆಯ ಸಂಪತ್ತು, ಮಗುವಿನ ಕೈಯ ಮುಚ್ಚಳ, ಅಂಧನ ಅಲ್ಪ ಶುಲ್ಕ: ಈ ಮೂರೂ ಒಂದೇ ಕಾರ್ಯದಲ್ಲಿ ಸೇರಿದವು. ನಿಧಿ ಎಷ್ಟು ಸಂಗ್ರಹವಾಯಿತು ಎಂಬುದನ್ನು ಲೆಕ್ಕದ ಪುಸ್ತಕ ಹೇಳುತ್ತದೆ. ಪಡೆದವನು ತಲೆ ಎತ್ತಿ ನಡೆದನೇ ಎಂಬುದನ್ನು ಬೀದಿಯಲ್ಲಿಯೇ ನೋಡಬೇಕು.